ಮ್ಯಾಜಿಕ್ ಪ್ರೋ ಟೂರ್ 2023-24: ಇಡೀ ಸೀಸನ್ ನಿದ್ದೆಗೆಟ್ಟು ನೋಡಿದವನ ರಿವ್ಯೂ

ರಾತ್ರಿ ಹೊತ್ತು ನಾನು ಮೊಬೈಲಲ್ಲಿ ಏನ್ ನೋಡ್ತೀನಿ ಅನ್ನೋದು ಅಮ್ಮಂಗೆ ಅರ್ಥ ಆಗೋಕೆ ಎಂಟು ತಿಂಗಳು ಬೇಕಾಯ್ತು. ಫೆಬ್ರವರಿಲಿ ಶುರುವಾದಾಗ ನೀರು ಕುಡಿಯೋಕೆ ಎದ್ದೋರು ಹಿಂದೆ ಬಂದು ನಿಂತು "ಏನೋ ಅದು, ಇಬ್ರು ಗಂಡಸ್ರು ಎದುರುಬದುರು ಕೂತು ಎಲೆ ಆಡ್ತಿದಾರೆ, ದುಡ್ಡಿಗಾ?" ಅಂದ್ರು. ದುಡ್ಡಿಗೇ ಅಮ್ಮ, ಗೆದ್ದೋನಿಗೆ ಐವತ್ತು ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ನಲವತ್ತು ಲಕ್ಷದ ಮೇಲೆ ಅಂದೆ. ಒಂದ್ನಿಮಿಷ ಸುಮ್ನಿದ್ದು "ಪೊಲೀಸ್ನೋರು ಬರಲ್ವಾ?" ಅಂತ ಕೇಳಿದ್ರು. ಈ ಟೂರ್ನಿ ಬಗ್ಗೆ ನಾನು ಕೇಳಿದ ಬೆಸ್ಟ್ ಪ್ರಶ್ನೆ ಅದು.

ಸರಿ, ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಮ್ಯಾಜಿಕ್ ದಿ ಗ್ಯಾದರಿಂಗ್ ಅಂದ್ರೆ 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತದ ಮೇಷ್ಟ್ರು ಮಾಡಿದ ಕಾರ್ಡ್ ಗೇಮು, ವಿಝರ್ಡ್ಸ್ ಆಫ್ ದಿ ಕೋಸ್ಟ್ ಅನ್ನೋ ಅಮೆರಿಕನ್ ಕಂಪನಿ ಮಾಡಿ ಮಾರುತ್ತೆ. ನಮ್ಮ ಇಸ್ಪೀಟಲ್ಲಿ ಎಲ್ರಿಗೂ ಅದೇ ಐವತ್ತೆರಡು ಎಲೆ, ಇಲ್ಲಿ ಹಂಗಿಲ್ಲ, ನಿಮ್ಮ ಕಟ್ಟು ನೀವೇ ಕಟ್ಕೊಂಡ್ ಬರ್ಬೇಕು, ಕಮ್ಮಿ ಅಂದ್ರೆ ಅರವತ್ತು ಕಾರ್ಡು, ಇದುವರೆಗೆ ಬಂದಿರೋ ಸಾವಿರಾರು ಕಾರ್ಡುಗಳಲ್ಲಿ ನಿಮಗೆ ಬೇಕಾದ್ದು ಆರಿಸ್ಕೊಳ್ಳಿ. ಅಂದ್ರೆ ತುರುಪು ಯಾವುದು ಅಂತ ಮನೆಯಿಂದ್ಲೇ ತೀರ್ಮಾನ ಮಾಡ್ಕೊಂಡು ಬರೋ ಇಸ್ಪೀಟು ಅನ್ಕೊಳ್ಳಿ. ಅರ್ಧ ಆಟ ಮೇಜಿನ ಮುಂದೆ ಕೂರೋಕೆ ಮುಂಚೆನೇ ಮುಗಿದಿರುತ್ತೆ. ಅದರ ದೊಡ್ಡ ಟೂರ್ನಿಗೆ ಪ್ರೋ ಟೂರ್ ಅಂತಾರೆ, ಮೊದಲ್ನೇದು 1996ರಲ್ಲಿ ನ್ಯೂಯಾರ್ಕಲ್ಲಿ ನಡೀತು. ಮಧ್ಯೆ ಒಂದಿಷ್ಟು ವರ್ಷ ಕಂಪನಿಯವ್ರಿಗೆ ಇ-ಸ್ಪೋರ್ಟ್ಸ್ ಹುಚ್ಚು ಹಿಡಿದು, ಮೂವತ್ತೆರಡು ಜನನ್ನ ಆರಿಸಿ ವರ್ಷಕ್ಕೆ ಎಪ್ಪತ್ತೈದು ಸಾವಿರ ಡಾಲರ್ ಕಾಂಟ್ರ್ಯಾಕ್ಟ್ ಕೊಟ್ಟು ಲೀಗ್ ಮಾಡಿದ್ರು, 2021ರಲ್ಲಿ ಅದಕ್ಕೂ ಬಾಗಿಲು ಹಾಕ್ತೀವಿ ಅಂದ್ಬಿಟ್ರು. ಆಮೇಲೆ 2023ರ ಫೆಬ್ರವರಿಲಿ ಫಿಲಡೆಲ್ಫಿಯಾದಲ್ಲಿ ಹಳೇ ಹೆಸರಲ್ಲೇ, ಟೇಬಲ್ಲು ಕುರ್ಚಿ ಹಾಕಿ ವಾಪಸ್ ಶುರು ಮಾಡಿದ್ರು, ರೀಡ್ ಡ್ಯೂಕ್ ಗೆದ್ರು. ನಾನು ಇಲ್ಲಿ ಬರೀತಿರೋದು ಅದರ ನಂತರದ ಸೀಸನ್ನು, 2023-24 ಅಂತ ಹೆಸರು, ಆದ್ರೆ ದೊಡ್ಡ ಟೂರ್ನಿ ನಾಲ್ಕೂ ನಡೆದಿದ್ದು 2024ರಲ್ಲೇ. ಫೆಬ್ರವರಿಲಿ ಶಿಕಾಗೋ, ಏಪ್ರಿಲಲ್ಲಿ ಸಿಯಾಟಲ್, ಜೂನಲ್ಲಿ ಆಮ್ಸ್ಟರ್ಡ್ಯಾಮ್, ಅಕ್ಟೋಬರಲ್ಲಿ ಲಾಸ್ ವೇಗಸ್‌ನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್.

ನೋಡೋಕೆ ದುಡ್ಡಿಲ್ಲ, ಟ್ವಿಚ್ ಯೂಟ್ಯೂಬ್ ಎರಡರಲ್ಲೂ ಫ್ರೀ. ಕೊಡ್ಬೇಕಾಗಿರೋದು ನಿದ್ದೆ. ಶಿಕಾಗೋ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಸಿಯಾಟಲ್ಲು ವೇಗಸ್ಸು ಹನ್ನೆರಡೂವರೆ, ಅಂದ್ರೆ ಅವ್ರು ಬೆಳಿಗ್ಗೆ ಕಾಫಿ ಕುಡ್ಕೊಂಡು ಬಂದು ಕೂತ್ರೆ ನಮ್ದು ರಾತ್ರಿ ಊಟ ಆಗಿ ಪಾತ್ರೆ ತೊಳೆದಿರುತ್ತೆ, ಅವ್ರ ಫೈನಲ್ಲಿಗೆ ನಮ್ಮ ಬೀದಿಲಿ ಹಾಲಿನವನ ಗಾಡಿ ಸದ್ದು ಕೇಳುತ್ತೆ. ಶುಕ್ರವಾರ ಶನಿವಾರ ಹೆಂಗೋ ತಳ್ಬಹುದು, ಭಾನುವಾರದ ಟಾಪ್ 8, ಅಂದ್ರೆ ಕೊನೆಗುಳಿದ ಎಂಟು ಜನರ ಆಟ ನೋಡಿ ಸೋಮವಾರ ಆಫೀಸ್ ಕಾಲ್‌ಗೆ ಕೂತ್ಕೊಳ್ಳೋ ಕಷ್ಟ ಇದೆಯಲ್ಲ, ಅದನ್ನ ಯಾರಿಗೂ ಹೇಳ್ಕೊಳ್ಳೋ ಹಾಗಿಲ್ಲ, ಹೇಳಿದ್ರೆ "ಏನ್ ಮಾಡ್ತಿದ್ದೆ" ಅಂತಾರೆ, ಕಾರ್ಡಾಟ ನೋಡ್ತಿದ್ದೆ ಅನ್ನೋಕಾಗಲ್ಲ. ಆಮ್ಸ್ಟರ್ಡ್ಯಾಮ್ ಒಂದೇ ದೇವರು ಕೊಟ್ಟಿದ್ದು, ಬರೀ ಮೂರೂವರೆ ಗಂಟೆ.

ಟೂರ್ನಿ ನಡೆಯೋ ರೀತಿ ನನಗೆ ತುಂಬ ಇಷ್ಟ. ಸುಮಾರು ಇನ್ನೂರು ಇನ್ನೂರೈವತ್ತು ಜನ, ಎರಡು ದಿನಕ್ಕೆ ಹದಿನಾರು ರೌಂಡು. ದಿನಾ ಮೊದಲ ಮೂರು ರೌಂಡು ಡ್ರಾಫ್ಟು, ಎಂಟು ಜನ ಸುತ್ತ ಕೂತು ಒಬ್ಬೊಬ್ರೂ ಒಂದು ಪ್ಯಾಕ್ ಒಡೆದು ಒಂದು ಕಾರ್ಡ್ ಇಟ್ಕೊಂಡು ಉಳಿದಿದ್ದು ಪಕ್ಕದವ್ರಿಗೆ ಕೊಡೋದು, ಹಂಗೇ ಮೂರು ಪ್ಯಾಕು, ಅದರಲ್ಲೇ ಡೆಕ್ ಕಟ್ಕೊಂಡು ಆಡೋದು. ಊಟದ ಪಂಕ್ತಿಲಿ ಹಪ್ಪಳದ ತಟ್ಟೆ ಸುತ್ತು ಬರುತ್ತಲ್ಲ ಹಂಗೆ, ಮೊದಲ್ನೇವ್ನಿಗೆ ಗರಿಗರಿ, ಕೊನೇವ್ನಿಗೆ ಮುರುಕಲು, ಆಮೇಲೆ ತಟ್ಟೆ ಉಲ್ಟಾ ಕಡೆಯಿಂದ ಬರುತ್ತೆ. ಆಮೇಲೆ ಐದು ರೌಂಡು ಮನೆಯಿಂದ ತಂದ ಡೆಕ್ಕಲ್ಲಿ. ಮೊದಲ ದಿನದ ಎಂಟರಲ್ಲಿ ನಾಲ್ಕು ಗೆಲ್ಲದೇ ಇದ್ರೆ ಎರಡನೇ ದಿನ ಇಲ್ಲ, ಊರು ನೋಡ್ಕೊಂಡು ಹೋಗಿ. ಭಾನುವಾರ ಎಂಟೇ ಜನ. ಒಂದೇ ಚಾಣಾಕ್ಷ ಡೆಕ್ ತಂದು ಗೆದ್ಬಿಡ್ತೀನಿ ಅನ್ನೋರಿಗೆ ಡ್ರಾಫ್ಟಲ್ಲಿ ಕೆನ್ನೆಗೆ ಬೀಳುತ್ತೆ, ಡ್ರಾಫ್ಟ್ ಪಂಡಿತ್ರಿಗೆ ಮಧ್ಯಾಹ್ನ ಬೀಳುತ್ತೆ. ಎರಡೂ ಬರ್ಬೇಕು. ಇದೊಂದಕ್ಕೆ ಐದಕ್ಕೆ ಐದು ಕೊಡ್ತೀನಿ.

ಹೆಸರಿಡೋ ವಿಷಯದಲ್ಲಿ ಮಾತ್ರ ಸೊನ್ನೆ. ಶಿಕಾಗೋ ಪ್ರೋ ಟೂರ್ ಅಂತ ಅಂದ್ರೆ ಏನಾಗ್ತಿತ್ತು? ಇಲ್ಲ, ಅದರ ಹೆಸರು ಪ್ರೋ ಟೂರ್ ಮರ್ಡರ್ಸ್ ಅಟ್ ಕಾರ್ಲೋವ್ ಮ್ಯಾನರ್. ಅಮ್ಮಂಗೆ ಕೇಳ್ಸಿದ್ದು ಮರ್ಡರ್ ಒಂದೇ. ಸಿಯಾಟಲ್ದು ಔಟ್‌ಲಾಸ್ ಆಫ್ ಥಂಡರ್ ಜಂಕ್ಷನ್, ಅರಸೀಕೆರೆ ಜಂಕ್ಷನ್ ದಾಟಿದ ಮೇಲೆ ಬರೋ ಸ್ಟೇಷನ್ ಥರ ಇದೆ. ಆಮ್ಸ್ಟರ್ಡ್ಯಾಮ್ದು ಮಾಡರ್ನ್ ಹೊರೈಝನ್ಸ್ 3. ಎಲ್ಲಾ ಆಗಷ್ಟೇ ಅಂಗಡಿಗೆ ಬಂದಿರೋ ಹೊಸ ಕಾರ್ಡ್ ಸೆಟ್ಟುಗಳ ಹೆಸರು. ಥಂಡರ್ ಜಂಕ್ಷನ್ ಮಾರಾಟಕ್ಕೆ ಬಂದಿದ್ದು ಏಪ್ರಿಲ್ 19, ಟೂರ್ನಿ ಶುರು 26ಕ್ಕೆ, ಒಂದೇ ವಾರ. ಜಗತ್ತಿನ ಮೂಲೆಮೂಲೆಯಿಂದ ವಿಮಾನ ಹತ್ತಿ ಬರೋ ಆಟಗಾರರಿಗೆ ಕಾರ್ಡ್ ಓದ್ಕೊಳ್ಳೋಕೂ ಸಮಯ ಇಲ್ಲ, ಆದ್ರೆ ಸೆಟ್ ಬಿಸಿ ಇರುವಾಗ್ಲೇ ಮಾರ್ಬೇಕಲ್ಲ. ಇಡೀ ಸೀಸನ್ ನೋಡಿದ ಮೇಲೆ ನನ್ನ ಮನಸಲ್ಲಿ ಉಳಿದಿದ್ದು ಇದೇ, ಇದು ಪ್ಯಾಕ್ ಮಾರೋಕೆ ಹಾಕಿರೋ ಸಂತೆ, ಅದರ ಮಧ್ಯೆ ನಿಜವಾದ ಕುಸ್ತಿ ಅಖಾಡ ಒಂದಿದೆ, ಸಂತೆಯವ್ರ ಅವಸರಕ್ಕೆ ಆಗಾಗ ಅಖಾಡದ ಮಣ್ಣು ಕೆಡುತ್ತೆ. ಹೆಂಗೆ ಅಂತ ಮುಂದೆ ಹೇಳ್ತೀನಿ.

ಶಿಕಾಗೋ. ಫಾರ್ಮ್ಯಾಟು ಪಯೊನೀರ್, 2012ರ ನಂತರದ ಕಾರ್ಡುಗಳಲ್ಲಿ ಕಟ್ಟಿದ ಡೆಕ್ಕು. ಶುಕ್ರವಾರ ಮಧ್ಯಾಹ್ನದ ರೌಂಡಲ್ಲಿ, ಅಂದ್ರೆ ನಮ್ಮ ಅಪರಾತ್ರಿಲಿ, ಒಟ್ಟಿಗೆ ತಯಾರಿ ಮಾಡ್ಕೊಂಡು ಬಂದಿದ್ದ ಒಂದು ಟೀಮು ಹೊಸ ಡೆಕ್ ಬಿಚ್ತು, ರಾಕ್ಡೋಸ್ ವ್ಯಾಂಪೈರ್ಸ್. ಅದರ ಗುಟ್ಟು ಏನಂದ್ರೆ ಸೋರಿನ್ ಅಂತ ಹಳೇ ಕಾರ್ಡ್ ಒಂದಿದೆ, ಮೂರನೇ ಟರ್ನಲ್ಲಿ ಇಳಿಸ್ಬಹುದು, ಅದು ಕೈಯಲ್ಲಿರೋ ಯಾವುದೇ ರಕ್ತಪಿಶಾಚಿ ಕಾರ್ಡನ್ನ ಬಿಟ್ಟಿಯಾಗಿ ಮೇಜಿಗೆ ತರುತ್ತೆ. ಅದು ಬಂದು ವರ್ಷಗಳೇ ಆಗಿತ್ತು, ತರೋಕೆ ಲಾಯಕ್ಕಾದ ಪಿಶಾಚಿ ಇರ್ಲಿಲ್ಲ. ಈ ಹೊಸ ಸೆಟ್ಟಲ್ಲಿ ವೇಯ್ನ್ ರಿಪ್ಪರ್ ಅಂತ ಬಂತು, ಆರು ಮಾನಾ (ಲ್ಯಾಂಡ್ ಅಂದ್ರೆ ನೆಲದ ಕಾರ್ಡುಗಳಿಂದ ಬರೋ ಶಕ್ತಿ, ಕಾರ್ಡ್ ಇಳಿಸೋಕೆ ಅದೇ ದುಡ್ಡು) ಕೊಟ್ಟು ಇಳಿಸ್ಬೇಕಾದ್ದು, ಹಾರುತ್ತೆ, ಆರು ಏಟು ಕೊಡುತ್ತೆ, ಅದನ್ನ ಮುಟ್ಬೇಕಂದ್ರೆ ಎದುರಾಳಿ ತನ್ನದೇ ಒಂದು ಜೀವಿನ ಬಲಿ ಕೊಡ್ಬೇಕು. ಆರನೇ ಟರ್ನಲ್ಲಿ ಬರ್ಬೇಕಾದ ದೆವ್ವ ಮೂರನೇ ಟರ್ನಲ್ಲೇ ಬಂದು ಕೂತ್ರೆ ಎದುರಿಗಿರೋನು ಏನ್ ಮಾಡ್ತಾನೆ? ಎದುರಾಳಿಗಳು ಕಾರ್ಡ್ ಎತ್ತಿ ಓದೋದು, ತಲೆ ಅಲ್ಲಾಡಿಸೋದು, ಮತ್ತೆ ಓದೋದು. ಹೊಸ ಡೆಕ್ ಬಿಚ್ಚೋ ಶುಕ್ರವಾರದ ಮಜಾ ಅದು, ಬೇರೆ ಯಾವ ಆಟದಲ್ಲೂ ಸಿಗಲ್ಲ, ಕ್ರಿಕೆಟಲ್ಲಿ ಯಾರೂ ಪಂದ್ಯದ ದಿನ ಬೆಳಿಗ್ಗೆ ಹೊಸ ಥರದ ಬ್ಯಾಟ್ ಕಂಡುಹಿಡ್ಕೊಂಡು ಬರಲ್ಲ.

ಅದನ್ನ ಹಿಡ್ಕೊಂಡು ಗೆದ್ದಿದ್ದು ಸೆತ್ ಮ್ಯಾನ್‌ಫೀಲ್ಡ್. ಇವ್ರು ಹೊಸಬ್ರಲ್ಲ, 2015ರ ವಿಶ್ವ ಚಾಂಪಿಯನ್, 2017ರಲ್ಲಿ ಪ್ರೋ ಟೂರ್ ಇಕ್ಸಲಾನ್ ಗೆದ್ದೋರು, ಹಾಲ್ ಆಫ್ ಫೇಮಲ್ಲಿ ಹೆಸರಿದೆ. ನೋಡೋಕೆ ಬ್ಯಾಂಕಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಳ್ಳೋಕೆ ನಿಂತಿರೋ ಥರ ಶಾಂತ, ಗೆದ್ರೂ ಸೋತ್ರೂ ಮುಖ ಅದೇ. ಆಡೋ ವೇಗ ನೋಡಿ ನನಗೆ ಸಾಕಾಗಿತ್ತು ಮೊದಮೊದಲು, ಪ್ರತಿ ನಡೆಗೂ ಯೋಚನೆ, ಆಮೇಲೆ ಗೊತ್ತಾಯ್ತು ನಾನು ತಪ್ಪು ಅನ್ಕೊಂಡಿದ್ದ ನಡೆಗಳೇ ಎರಡು ಟರ್ನ್ ಆದ್ಮೇಲೆ ಅವ್ರನ್ನ ಉಳಿಸ್ತಿದ್ವು.

ಅದೇ ಫಾರ್ಮ್ಯಾಟಲ್ಲಿ ಅಮಾಲಿಯಾ ಅಂತ ಇನ್ನೊಂದು ಕಾಂಬೋ ಡೆಕ್ಕು, ಎರಡು ಕಾರ್ಡ್ ಸೇರಿದ್ರೆ ಒಂದಕ್ಕೊಂದು ತಳ್ಕೊಂಡು ತಿರುಗ್ತಾನೇ ಇರುತ್ತೆ, ಆಟಗಾರನ ಲೈಫ್ ಏರುತ್ತೆ, ಅಮಾಲಿಯಾ ಬೆಳೀತಾಳೆ, ಅವಳ ಬಲ ಸರಿಯಾಗಿ ಇಪ್ಪತ್ತಕ್ಕೆ ಬಂದಾಗ ಮಿಕ್ಕ ಜೀವಿಗಳೆಲ್ಲಾ ಖಲಾಸ್. ಏನಾದ್ರೂ ಎಡವಟ್ಟಾಗಿ ಇಪ್ಪತ್ತು ತಪ್ಪಿ ಮುಂದೆ ಹೋದ್ರೆ ನಿಲ್ಲಿಸೋಕೇ ಆಗಲ್ಲ, ಗೇಮ್ ಡ್ರಾ. ಅರ್ಧ ಗಂಟೆ ಕಣ್ಣುಬಿಟ್ಟು ನೋಡಿದ ಆಟ ಡ್ರಾ ಅಂದ್ರೆ ಹೆಂಗಾಗ್ಬೇಡ.

ಸಿಯಾಟಲ್ ಬಗ್ಗೆ ಜಾಸ್ತಿ ಬರೆಯೋಕಿಲ್ಲ. ಏಪ್ರಿಲ್ 26 ನಮ್ಮಲ್ಲಿ ಲೋಕಸಭೆ ವೋಟಿಂಗು, ಬೆಳಿಗ್ಗೆ ಕ್ಯೂ ನಿಂತು ವೋಟ್ ಹಾಕಿ, ರಾತ್ರಿ ಶಾಯಿ ಬೆರಳಲ್ಲೇ ಮೊಬೈಲ್ ಹಿಡ್ಕೊಂಡು ಕೂತಿದ್ದೆ, ಸೆಖೆ ಬೇರೆ, ಡ್ರಾಫ್ಟಲ್ಲೇ ನಿದ್ದೆ ಹೋದೆ. ಫಾರ್ಮ್ಯಾಟು ಸ್ಟ್ಯಾಂಡರ್ಡ್, ಇತ್ತೀಚಿನ ಮೂರು ವರ್ಷದ ಕಾರ್ಡುಗಳು, ಆಟ ಸಮತೋಲನವಾಗೇ ಇತ್ತು, ನಿಜ ಹೇಳ್ಬೇಕಂದ್ರೆ ಸೀಸನ್ನಲ್ಲಿ ಆರೋಗ್ಯವಾಗಿದ್ದ ಟೂರ್ನಿ ಅಂದ್ರೆ ಇದೇ, ಆರೋಗ್ಯವಾಗಿರೋರ ಬಗ್ಗೆ ಯಾರೂ ಮಾತಾಡಲ್ವಲ್ಲ. ಜಪಾನಿನ ಯೋಶಿಹಿಕೋ ಇಕಾವಾ ಗೆದ್ರು. ಜಪಾನಿ ಆಟಗಾರರು ಕಾರ್ಡ್ ಜೋಡಿಸಿಡೋ ಅಚ್ಚುಕಟ್ಟು ನೋಡೋದೇ ಒಂದು ಸುಖ, ಲ್ಯಾಂಡ್ ಒಂದು ಸಾಲು, ಜೀವಿಗಳು ಒಂದು ಸಾಲು, ಬಾಳೆಎಲೆಗೆ ಬಡಿಸಿದ ಹಾಗೆ, ಉಪ್ಪು ಉಪ್ಪಿನಕಾಯಿ ಎಲ್ಲಿರ್ಬೇಕೋ ಅಲ್ಲಿ.

ಈಗ ಆಮ್ಸ್ಟರ್ಡ್ಯಾಮ್. ಇದಕ್ಕೇ ಕಾಯ್ತಿದ್ದೆ ಬರೆಯೋಕೆ.

ಫಾರ್ಮ್ಯಾಟು ಮಾಡರ್ನ್, 2003ರಿಂದೀಚೆಗಿನ ಕಾರ್ಡುಗಳು, ಅಂದ್ರೆ ಇಪ್ಪತ್ತು ವರ್ಷಕ್ಕೂ ಮೇಲಿನ ಕಸವೂ ಚಿನ್ನವೂ ಒಟ್ಟಿಗೆ. ಹೊಸ ಸೆಟ್ಟಲ್ಲಿ ಒಂದು ಹಕ್ಕಿ ಬಂತು. ಹೆಸರು ನಾಡು. ಹೌದು ಸ್ವಾಮಿ, ನಾಡು. ನಾಡು ನುಡಿ ಅಂತೀವಲ್ಲ ಅದೇ ಅಕ್ಷರ ಅದೇ ಉಚ್ಚಾರ ಅನ್ನೋ ಥರ ಕಾಮೆಂಟೇಟರುಗಳು ಹೇಳ್ತಿದ್ರು. ಆ ಕಾರ್ಡಿನ ಕೆಲಸ ನೋಡಿ: ನಿಮ್ಮ ಯಾವುದೇ ಜೀವಿಯನ್ನ ಯಾವುದಾದ್ರೂ ಮಂತ್ರವೋ ಸಲಕರಣೆಯೋ ಗುರಿ ಮಾಡಿದ್ರೆ ಸಾಕು, ಡೆಕ್ಕಿನ ಮೇಲಿನ ಕಾರ್ಡ್ ತೆಗೀರಿ, ಲ್ಯಾಂಡ್ ಆದ್ರೆ ಸೀದಾ ಮೇಜಿಗೆ, ಬೇರೆ ಆದ್ರೆ ಕೈಗೆ. ಒಂದು ಟರ್ನಲ್ಲಿ ಎರಡೇ ಸಲ ಅಂತ ಮಿತಿ ಇದೆ, ಆದ್ರೆ ಆ ಮಿತಿ ಒಂದೊಂದು ಜೀವಿಗೂ ಬೇರೆಬೇರೆ, ನಾಲ್ಕು ಜೀವಿ ಇದ್ರೆ ಎಂಟು ಸಲ. ನಾಡು ಇದ್ರೆ ನೆಲ ತಾನಾಗೇ ಬರುತ್ತೆ, ನಮ್ಮ ಭಾಷೆಲಿ ಹೆಸರಿಟ್ಟಿದ್ರೂ ಇಷ್ಟು ಸರಿ ಹೊಂದ್ತಿರ್ಲಿಲ್ಲ. ಇದಕ್ಕೆ ಜೊತೆಗಾರ ಶುಕೋ ಅಂತ ಹಳೇ ಸಲಕರಣೆ ಕಾರ್ಡು, ಅದನ್ನ ಜೀವಿಯಿಂದ ಜೀವಿಗೆ ಹೊರಿಸೋಕೆ ಖರ್ಚು ಸೊನ್ನೆ. ಸೊನ್ನೆ! ಹಕ್ಕಿಗೆ ಹೊರಿಸು, ಕಾರ್ಡ್ ತೆಗಿ, ಇನ್ನೊಂದಕ್ಕೆ ಹೊರಿಸು, ಕಾರ್ಡ್ ತೆಗಿ, ಲ್ಯಾಂಡ್ ಬಂತಾ, ಲ್ಯಾಂಡ್ ಬಂದಾಗ ಹೊಸ ಜೀವಿ ಹುಟ್ಟಿಸೋ ಕಾರ್ಡ್ ಬೇರೆ ಇದೆ, ಹುಟ್ಟಿದ್ದಕ್ಕೆ ಎರಡು ಸಲ ಹೊರಿಸು, ಮತ್ತೆ ಲ್ಯಾಂಡ್, ಮತ್ತೆ ಹುಟ್ಟು. ಇದೆಲ್ಲಾ ಕೈಯಲ್ಲಿ ಒಂದೊಂದಾಗಿ ಮಾಡಿ ತೋರಿಸ್ಬೇಕು, ಯಾಕಂದ್ರೆ ಮುಂದಿನ ಕಾರ್ಡ್ ಏನು ಬರುತ್ತೋ ಗೊತ್ತಿಲ್ಲ, "ಗೆದ್ದೆ ಬಿಡು" ಅನ್ನೋ ಹಾಗಿಲ್ಲ. ಎದುರಿಗಿರೋನು ಕೈಕಟ್ಟಿ ಕೂತಿರ್ತಾನೆ. ಕೆಲವ್ರು ನೀರು ಕುಡಿದ್ರು. ಒಬ್ರು ಎದ್ದು ಹೋಗಿ ಬರಲಾ ಅನ್ನೋ ಥರ ಜಡ್ಜ್ ಕಡೆ ನೋಡ್ತಿದ್ರು, ಪಾಪ.

ಎರಡನೇ ದಿನ ಶನಿವಾರ, ಜೂನ್ 29. ಆ ದಿನ ಏನು ಅಂತ ಯಾರಿಗೂ ನೆನಪು ಮಾಡ್ಬೇಕಾಗಿಲ್ಲ. ಬಾರ್ಬಡೋಸಲ್ಲಿ ಟಿ20 ವರ್ಲ್ಡ್ ಕಪ್ ಫೈನಲ್ಲು, ನಮ್ಮ ದ್ರಾವಿಡ್ ಅವ್ರು ಕೋಚ್ ಆಗಿ ಕೊನೇ ಮ್ಯಾಚು. ಮನೆ ತುಂಬ ಜನ, ಟೀವೀಲಿ ಕ್ರಿಕೆಟ್ಟು, ಮೊಬೈಲಲ್ಲಿ ಸೌಂಡ್ ಆಫ್ ಮಾಡಿ ನಾನು ಆಮ್ಸ್ಟರ್ಡ್ಯಾಮ್ ಇಟ್ಕೊಂಡಿದ್ದೆ, ಮಾವ ಒಂದ್ಸಲ ನೋಡಿ "ಏನಪ್ಪಾ, ಇಂಡಿಯಾ ಫೈನಲ್ ಆಡ್ತಿರೋವಾಗ ರಮ್ಮಿ ನೋಡ್ತಿದೀಯಾ" ಅಂತ ಬೈದ್ರು. ಸುಳ್ಳು ಹೇಳಲ್ಲ, ಬೂಮ್ರಾ ಓವರ್ ಶುರುವಾದಾಗ ಒಬ್ಬ ನಾಡು ಆಟಗಾರ ಟರ್ನ್ ಶುರು ಮಾಡಿದ್ದ, ಓವರ್ ಮುಗೀತು, ಜಾಹೀರಾತು ಬಂತು, ಮುಂದಿನ ಓವರ್ ಶುರುವಾಯ್ತು, ಇವನು ಇನ್ನೂ ಶುಕೋ ಹೊರಿಸ್ತಾನೇ ಇದಾನೆ. ಆಮೇಲೆ ಸೂರ್ಯಕುಮಾರ್ ಬೌಂಡ್ರಿ ಗೆರೆ ಹತ್ರ ಮಿಲ್ಲರ್ ಕ್ಯಾಚ್ ಹಿಡಿದಾಗ ಮೊಬೈಲು ಎಲ್ಲಿ ಹಾರಿತೋ ಗೊತ್ತಿಲ್ಲ, ಸೋಫಾ ಕೆಳಗೆ ಸಿಕ್ತು ಆಮೇಲೆ, ಅಷ್ಟೊತ್ತಿಗೆ ಆಮ್ಸ್ಟರ್ಡ್ಯಾಮಲ್ಲಿ ಬೇರೆ ರೌಂಡ್ ನಡೀತಿತ್ತು. ಏಳು ರನ್ನಲ್ಲಿ ಗೆದ್ವಿ. ದ್ರಾವಿಡ್ ಕಪ್ ಹಿಡ್ಕೊಂಡು ಕೂಗಿದ್ದು ನೋಡಿ ಮಾವ ಕಣ್ಣೊರೆಸ್ಕೊಂಡ್ರು. ಆ ರಾತ್ರಿ ನಾನು ಮ್ಯಾಜಿಕ್ ಮತ್ತೆ ನೋಡ್ಲಿಲ್ಲ, ಭಾನುವಾರ ಬೆಳಿಗ್ಗೆ ರೆಕಾರ್ಡಿಂಗ್ ನೋಡಿದೆ.

ಟಾಪ್ 8ರಲ್ಲೂ ನಾಡು ದಂಡೇ ಇತ್ತು. ಗೆದ್ದಿದ್ದು ಮಾತ್ರ ನಾಡು ಇಲ್ದೇ ಇದ್ದ ಡೆಕ್ಕು. ಡೆನ್ಮಾರ್ಕಿನ ಸೈಮನ್ ನೀಲ್ಸನ್, ಜೆಸ್ಕೈ ಕಂಟ್ರೋಲ್ ಆಡಿದ್ರು, ಅಂದ್ರೆ ನೀನು ಏನು ಇಳಿಸಿದ್ರೂ ನಾನು ಬೇಡ ಅಂತೀನಿ, ತೆಗೀತೀನಿ, ಸುಡ್ತೀನಿ, ಕೊನೆಗೆ ನಿನ್ನ ಹತ್ರ ಏನೂ ಇಲ್ದೇ ಇದ್ದಾಗ ನಿಧಾನಕ್ಕೆ ಗೆಲ್ತೀನಿ ಅನ್ನೋ ಡೆಕ್ಕು. ನೀಲ್ಸನ್ ಅದರ ಹಿಂದಿನ ಸೀಸನ್ನಿನ ಪ್ಲೇಯರ್ ಆಫ್ ದಿ ಇಯರ್, ಒಂದಾದ ಮೇಲೊಂದು ಟೂರ್ನಿಲಿ ಟಾಪ್ 8ಕ್ಕೆ ಬಂದು ಬಂದು ಕಪ್ ಮಾತ್ರ ಸಿಗದೇ ಇದ್ದೋರು. ಎಲ್ರೂ ಕಳ್ಳ ಹಕ್ಕಿ ಹಿಡ್ಕೊಂಡು ಬಂದಾಗ ಇವ್ರು ಕವಣೆ ಕಲ್ಲು ಹಿಡ್ಕೊಂಡು ಬಂದ್ರು ಅನ್ನೋಣ. ಜೋಳದ ಹೊಲದ ಅಟ್ಟಣಿಗೆ ಮೇಲೆ ಕೂತ ಕಾವಲುಗಾರನ ತಾಳ್ಮೆ. ಇಡೀ ಸೀಸನ್ನಲ್ಲಿ ಒಂದೇ ಒಂದು ಟಾಪ್ 8 ನೋಡ್ತೀನಿ ಅನ್ನೋರು ಇದನ್ನ ನೋಡಿ, ನಾಡು ಟರ್ನ್ ಬಂದಾಗ ಎರಡರಷ್ಟು ಸ್ಪೀಡಲ್ಲಿ ಓಡಿಸಿ.

ಆಮೇಲೆ ಬಂತು ಆಗಸ್ಟ್ 26, ಸೋಮವಾರ. ನಮ್ಮಲ್ಲಿ ಕೃಷ್ಣ ಜನ್ಮಾಷ್ಟಮಿ, ರಜಾ, ಸಂಜೆ ಚಕ್ಕುಲಿ ಕೋಡುಬಳೆ ತಟ್ಟೆ ಇಟ್ಕೊಂಡು ಕೂತಿದ್ದೆ. ಬ್ಯಾನ್ ಲಿಸ್ಟ್ ಬಂತು. ಮಾಡರ್ನಲ್ಲಿ ನಾಡು ಬ್ಯಾನ್, ಜೊತೆಗೆ ಗ್ರೀಫ್ ಅನ್ನೋ ಇನ್ನೊಂದು ಕಾರ್ಡು. ಪಯೊನೀರಲ್ಲಿ ಸೋರಿನ್ ಬ್ಯಾನ್, ಅಮಾಲಿಯಾ ಬ್ಯಾನ್. ಯೋಚನೆ ಮಾಡಿ, ಫೆಬ್ರವರಿಲಿ ಗೆದ್ದ ಡೆಕ್ಕಿನ ಜೀವ, ಜೂನಲ್ಲಿ ಎಲ್ರೂ ಆಡಿದ ಡೆಕ್ಕಿನ ಜೀವ, ಎರಡೂ ಒಂದೇ ಸಂಜೆ ಹೋಯ್ತು. ಸೀಸನ್ನಿನ ಮೂರು ಪ್ರೋ ಟೂರಲ್ಲಿ ಎರಡರ ಕಥೆಗೆ ಕಾರಣವಾದ ಕಾರ್ಡುಗಳು ಅವತ್ತಿಂದ ಆ ಫಾರ್ಮ್ಯಾಟಲ್ಲಿ ಆಡೋ ಹಾಗಿಲ್ಲ ಅಂತಾಯ್ತು.

ಸಂತೆಯವ್ರ ಅವಸರ ಅಂದೆನಲ್ಲ, ಇಲ್ಲಿದೆ ನೋಡಿ. ನಾಡು ಮಾಡಿದ ಡಿಸೈನರ್ ಮೈಕಲ್ ಮೇಜರ್ಸ್ ಅವ್ರೇ ಕೂತು ಒಂದು ಲೇಖನ ಬರೆದ್ರು. ಕಾರ್ಡಿನ ಮೊದಲ ರೂಪ ಬೇರೆ ಇತ್ತಂತೆ, ಕೊನೇ ಹಂತದಲ್ಲಿ ಅದರ ಬಗ್ಗೆ ತಕರಾರು ಬಂದು ಬದಲಾಯಿಸಿದ್ರಂತೆ, ಕಮಾಂಡರ್ ಅನ್ನೋ ಇನ್ನೊಂದು ಬಗೆಯ ಮ್ಯಾಜಿಕ್ ಆಡೋರಿಗೆ ಇಷ್ಟ ಆಗ್ಲಿ ಅನ್ನೋ ಲೆಕ್ಕದಲ್ಲಿ ಹೊಸ ಸಾಲು ಬರೆದ್ರಂತೆ, ಆ ಹೊಸ ರೂಪನ ಯಾರೂ ಆಡಿ ಪರೀಕ್ಷೆ ಮಾಡ್ಲೇ ಇಲ್ಲ, ಸೊನ್ನೆ ಖರ್ಚಿನ ಸಲಕರಣೆ ಜೊತೆ ಏನಾಗುತ್ತೆ ಅಂತ ಹೊಳೀಲೇ ಇಲ್ಲ. ಹಂಗೇ ಪ್ರಿಂಟಿಗೆ ಹೋಯ್ತು. ಒಪ್ಕೊಂಡಿದ್ದಕ್ಕೆ ಮೆಚ್ಚುಗೆ ಇದೆ, ಎಷ್ಟೋ ಕಂಪನಿಗಳು "ಗ್ರಾಹಕರ ಅನುಭವ ಸುಧಾರಿಸಲು" ಅಂತ ಒಂದು ಸಾಲು ಬರೆದು ಕೈ ತೊಳ್ಕೊಳ್ತಾವೆ. ಆದ್ರೆ ಸಾರಿಗೆ ಉಪ್ಪು ನೋಡ್ದೇ ಮದುವೆ ಪಂಕ್ತಿಗೆ ಬಡಿಸಿದ ಅಡುಗೆಭಟ್ರು ಆಮೇಲೆ ಬಂದು "ಹೌದು ಸಾರ್, ರುಚಿ ನೋಡಿರ್ಲಿಲ್ಲ" ಅಂದ್ರೆ ಉಂಡೋರ ಬಾಯಿಗೇನು ಬಂತು? ಟೂರ್ನಿ ನಡೆದಿದ್ದು ಜೂನ್ ಕೊನೇಲಿ, ಬ್ಯಾನ್ ಬಂದಿದ್ದು ಆಗಸ್ಟ್ ಕೊನೇಲಿ, ಆ ಎರಡು ತಿಂಗಳು ಊರೂರಿನ ಅಂಗಡಿಗಳಲ್ಲಿ ಮುಂದಿನ ಸೀಸನ್ನಿಗೆ ಕ್ವಾಲಿಫೈಯರ್ ಆಡಿದೋರೆಲ್ಲಾ ಇದೇ ಹಕ್ಕಿ ಮುಂದೆ ಕೈಕಟ್ಟಿ ಕೂತಿದ್ರು. ಕೆಲವ್ರು ನೂರಾರು ಡಾಲರ್ ಕೊಟ್ಟು ಅದೇ ಡೆಕ್ ಕಟ್ಟಿದ್ರು.

ದುಡ್ಡಿನ ಮಾತು ಬಂತು, ನಮ್ಮ ಕಡೆ ಕಥೆ ಹೇಳ್ಬಿಡ್ತೀನಿ. ನಾವು ನಾಲ್ಕು ಜನ ಫ್ರೆಂಡ್ಸು ಪ್ರೋ ಟೂರ್ ನೋಡಿ ಅದೇ ಡೆಕ್ಕುಗಳನ್ನ ಮನೇಲಿ ಆಡ್ತೀವಿ. ಒಂದ್ಸಲ ಹೊರದೇಶದ ಅಂಗಡಿ ಒಂದರಿಂದ, ಹೆಸರು ಬೇಡ, ನಿಜವಾದ ಕಾರ್ಡ್ ತರಿಸಿದ್ದೆ, ಕಸ್ಟಮ್ಸಲ್ಲಿ ಮೂರು ವಾರ ಕೂತು, ಕಾರ್ಡಿಗಿಂತ ಮೇಲಿನ ಖರ್ಚೇ ಜಾಸ್ತಿಯಾಗಿ, ಬಂದಾಗ ಒಂದು ಮೂಲೆ ಮಡಚಿತ್ತು. ಅವತ್ತಿಂದ ಕಲರ್ ಪ್ರಿಂಟು. ಒಂದು ಎ4 ಹಾಳೆಗೆ ಒಂಬತ್ತು ಕಾರ್ಡು ಸರಿಯಾಗಿ ಕೂರುತ್ತೆ, ಕತ್ತರಿಸಿ, ಹಳೇ ಇಸ್ಪೀಟೆಲೆ ಮೇಲಿಟ್ಟು ಪ್ಲಾಸ್ಟಿಕ್ ಸ್ಲೀವಿಗೆ ತೂರಿಸಿದ್ರೆ ಕೈಗೆ ವ್ಯತ್ಯಾಸ ಗೊತ್ತಾಗಲ್ಲ. ಟೂರ್ನಿಗೆ ನಡೆಯಲ್ಲ, ಮನೆಗೆ ನಡೆಯುತ್ತೆ. ಜೆರಾಕ್ಸ್ ಅಂಗಡಿ ಹುಡುಗ "ಏನ್ ಸಾರ್, ಮಕ್ಕಳ ಸ್ಕೂಲ್ ಪ್ರಾಜೆಕ್ಟಾ" ಅಂತ ಕೇಳಿದ, ಹೂಂ ಅಂದೆ, ಮುಂದಿನ ಸಲ ಹೋದಾಗ "ಮಗ ಪಾಸಾದ್ನಾ ಸಾರ್" ಅಂದ. ನನಗೆ ಮದುವೆನೇ ಆಗಿಲ್ಲ. ಬ್ಯಾನ್ ಸುದ್ದಿ ಬಂದಾಗ ನನ್ನ ಹತ್ರ ನಾಲ್ಕು ಸೋರಿನ್ ನಾಲ್ಕು ನಾಡು ಇದ್ವು, ಒಟ್ಟು ಒಂದು ಹಾಳೆ ಕಾಗದದ ನಷ್ಟ. ನಿಜ ಕಾರ್ಡ್ ಕೊಂಡೋರ ಹೊಟ್ಟೆ ಉರಿ ನೆನೆಸ್ಕೊಂಡ್ರೆ ಬೇಜಾರೇ.

ಆಟಗಾರರ ದುಡ್ಡಿನ ವಿಷಯದಲ್ಲೂ ನನಗೆ ತಕರಾರಿದೆ. ಈ ಸೀಸನ್ನಲ್ಲಿ ಒಂದು ಪ್ರೋ ಟೂರಿಗೆ ಒಟ್ಟು ಬಹುಮಾನ ಐದು ಲಕ್ಷ ಡಾಲರ್, ಅದರಲ್ಲಿ ಗೆದ್ದೋನಿಗೆ ಐವತ್ತು ಸಾವಿರ. ವರ್ಲ್ಡ್ಸಿಗೆ ಹತ್ತು ಲಕ್ಷ, ಚಾಂಪಿಯನ್ನಿಗೆ ಒಂದು ಲಕ್ಷ. ಕೇಳೋಕೆ ದೊಡ್ಡದು. ಆದ್ರೆ ಇನ್ನೂರೈವತ್ತು ಜನಕ್ಕೆ ಹಂಚಿ, ವರ್ಷಕ್ಕೆ ಮೂರೇ ಪ್ರೋ ಟೂರು, ಒಂದ್ಸಲ ಮೊದಲ ದಿನವೇ ಎಡವಿದ್ರೆ ಮತ್ತೆ ಎರಡ್ಮೂರು ತಿಂಗಳು ಕಾಯ್ಬೇಕು. ಆ ಮೂವತ್ತೆರಡು ಜನರ ಲೀಗು ಕೃತಕವಾಗಿತ್ತು ನಿಜ, ಹೊಸಬ್ರಿಗೆ ದಾರಿ ತುಂಬ ಕಿರಿದಾಗಿತ್ತು ಅದೂ ನಿಜ, ಆದ್ರೆ ಆಗ ಆಡೋದೇ ಕೆಲಸ ಅಂತ ಹೇಳ್ಕೊಳ್ಳೋಕೆ ಮೂವತ್ತೆರಡು ಜನ ಆದ್ರೂ ಇದ್ರು. ಈಗ ಪ್ರೊಫೆಷನಲ್ ಅನ್ನೋ ಪದ ಬೋರ್ಡಲ್ಲಿ ಮಾತ್ರ, ಬಹಳಷ್ಟು ಜನ ಕೆಲಸಕ್ಕೆ ರಜಾ ಹಾಕಿ ಬರೋರೇ. ಹಾಗೇ ಪಕ್ಕದ ಪೋಕೆಮಾನ್ ಕಾರ್ಡಾಟದ ಕಡೆ ನೋಡಿ, ಅದೇ ವರ್ಷ ಆಗಸ್ಟಲ್ಲಿ ಹೊನೊಲುಲುನಲ್ಲಿ ಚಿಲಿ ದೇಶದ ಹುಡುಗ ಫೆರ್ನಾಂಡೊ ಸಿಫುಯೆಂಟೆಸ್ ವಿಶ್ವ ಚಾಂಪಿಯನ್ ಆದ, ಊರಿಗೆ ಹೋದ್ರೆ ರಾಷ್ಟ್ರಪತಿ ಬೋರಿಕ್ ಅವ್ರೇ ಅರಮನೆಗೆ ಕರೆಸಿ ಸನ್ಮಾನ ಮಾಡಿದ್ರು. ಮ್ಯಾಜಿಕ್ ಚಾಂಪಿಯನ್ನಿಗೆ ಆ ಥರ ರಾಜ ಮರ್ಯಾದೆ ಇಲ್ಲ, ಬದಲಿಗೆ ಅವ್ರ ಮುಖನ ಒಂದು ಕಾರ್ಡ್ ಮೇಲೆ ಅಚ್ಚು ಹಾಕ್ತಾರೆ. ನನ್ನ ಕೇಳಿದ್ರೆ ಅದೇ ದೊಡ್ಡದು. ಶಾಲು ಹಾರ ಯಾರಿಗೆ ಬೇಕು, ಎದುರಾಳಿ ನನ್ನ ಮುಖದ ಕಾರ್ಡ್ ಇಳಿಸಿ ನನ್ನನ್ನೇ ಸೋಲಿಸ್ಬೇಕು.

ಪ್ರಸಾರದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕ್ಯಾಮೆರಾ ಚೆನ್ನಾಗಿದೆ, ಇಳಿಸಿದ ಕಾರ್ಡಿನ ಚಿತ್ರ ಪಕ್ಕದಲ್ಲಿ ದೊಡ್ಡದಾಗಿ ಬರುತ್ತೆ. ಆದ್ರೆ ಹೊಸದಾಗಿ ನೋಡೋರಿಗೆ ಕರುಣೆ ಇಲ್ಲ, ಮೊದಲ ನಿಮಿಷದಿಂದ್ಲೇ ಒಳಗಿನ ಭಾಷೆ. ರೌಂಡು ರೌಂಡಿನ ಮಧ್ಯೆ ಹೊಸ ಸೆಟ್ಟಿನ ಜಾಹೀರಾತು, ಅದೇ ಜಾಹೀರಾತು, ಮತ್ತೆ ಅದೇ, ಮೂರನೇ ದಿನದ ಹೊತ್ತಿಗೆ ನಿದ್ದೇಲೂ ಅದರ ಮ್ಯೂಸಿಕ್ ಕೇಳ್ಸುತ್ತೆ. ಒಂದು ಮೇಜು ತೋರಿಸ್ತಿರೋವಾಗ ಪಕ್ಕದ ಮೇಜಲ್ಲಿ ಒಳ್ಳೇ ಆಟ ಮುಗಿದೇ ಹೋಗಿರುತ್ತೆ, ಅದು ಈ ಆಟದ ಹಣೆಬರಹ, ನೂರಿಪ್ಪತ್ತು ಮೇಜು ಒಟ್ಟಿಗೆ ನಡೆಯುವಾಗ ಯಾರೇನು ಮಾಡೋಕಾಗುತ್ತೆ. ಐದಕ್ಕೆ ಮೂರೂವರೆ ಕೊಡ್ತೀನಿ.

ಕೊನೇದು ಲಾಸ್ ವೇಗಸ್, ಅಕ್ಟೋಬರ್ 25ರಿಂದ 27. ಮೂವತ್ತನೇ ವರ್ಲ್ಡ್ ಚಾಂಪಿಯನ್‌ಶಿಪ್ಪು. ಇಲ್ಲಿ ನೂರು ಚಿಲ್ಲರೆ ಜನ ಮಾತ್ರ, ಮತ್ತೆ ಸ್ಟ್ಯಾಂಡರ್ಡು, ನಾಡು ಇಲ್ಲ ಪಿಶಾಚಿ ಇಲ್ಲ, ಮಣ್ಣು ಹದವಾಗಿತ್ತು. ಭಾನುವಾರ ರಾತ್ರಿ ಶುರುವಾದ ಟಾಪ್ 8 ನಮ್ಮ ಸೋಮವಾರದ ಬೆಳಗಿನ ಜಾವಕ್ಕೆ ಫೈನಲ್ಲಿಗೆ ಬಂತು. ಸ್ಪೇನಿನ ಹಾವಿಯೆರ್ ಡೊಮಿಂಗೆಝ್, ಪೋರ್ಚುಗಲ್ಲಿನ ಮಾರ್ಸಿಯೊ ಕಾರ್ವಾಲ್ಯೊ. ಅಕ್ಕಪಕ್ಕದ ದೇಶದೋರು, ಎಷ್ಟೋ ವರ್ಷದಿಂದ ಒಬ್ರಿಗೊಬ್ರು ಗೊತ್ತಿರೋರು. ಡೊಮಿಂಗೆಝ್ 2017ರಲ್ಲಿ ಇದೇ ಫೈನಲ್ ಸೋತು, 2018ರಲ್ಲಿ ವಾಪಸ್ ಬಂದು ಗೆದ್ದೋರು, ಅವ್ರ ಮುಖ ಫರ್ವೆಂಟ್ ಚಾಂಪಿಯನ್ ಅನ್ನೋ ಕಾರ್ಡ್ ಮೇಲಿದೆ. ಕಾರ್ವಾಲ್ಯೊ 2016ರಲ್ಲಿ ಫೈನಲ್ ಸೋತ್ರು, 2020ರಲ್ಲಿ ಬ್ರೆಝಿಲ್ಲಿನ ಪೌಲೊ ವಿಟರ್ ಎದುರು ಮತ್ತೆ ಸೋತ್ರು, ಆ ಗೆಲುವಿಗೆ ಪೌಲೊಗೂ ಒಂದು ಕಾರ್ಡ್ ಸಿಕ್ತು. ಅಂದ್ರೆ ಎದುರಾಳಿ ಕಾರ್ಡಾಗಿದ್ದು ಕಣ್ಣಾರೆ ನೋಡಿರೋ ಮನುಷ್ಯ.

ದೀಪಾವಳಿ ವಾರ, ಅಮ್ಮ ಬೇಗ ಎದ್ದಿದ್ರು, ಕಾಫಿ ತಂದು ಪಕ್ಕದಲ್ಲಿ ಕೂತ್ರು. ಯಾರು ಯಾರು ಅಂದ್ರು, ಹೇಳಿದೆ. ಕಪ್ಪು ಗಡ್ಡದೋನು ಒಳ್ಳೇವ್ನ ಥರ ಕಾಣ್ತಾನೆ ಅಂದ್ರು. ಇಬ್ರೂ ಕಾರ್ಡ್ ಕಲೆಸ್ತಾ ಇದ್ರು, ಕಾರ್ವಾಲ್ಯೊ ಮುಖದಲ್ಲಿ ನಗು ಇತ್ತು, ಆಮೇಲೆ ನಗು ಹೋಯ್ತು. ಡೊಮಿಂಗೆಝ್ ಗೆದ್ರು. ಅಲ್ಲಿವರೆಗೆ ಶಹರ್ ಶೆನ್ಹಾರ್ ಬಿಟ್ರೆ ಈ ಕಪ್ ಎರಡು ಸಲ ಗೆದ್ದಿದ್ದೋರು ಇವ್ರೊಬ್ರೇ. ಎದ್ದು ಕೈ ಕೊಟ್ಟು ತಬ್ಕೊಂಡ್ರು, ಕಾರ್ವಾಲ್ಯೊ ಕೂತು ತನ್ನ ಕಾರ್ಡುಗಳನ್ನ ಒಂದೊಂದಾಗಿ ಡಬ್ಬಿಗೆ ಹಾಕ್ಕೊಂಡ್ರು.

"ಮೂರು ಸಲ ಫೈನಲ್ಲಿಗೆ ಬಂದು ಮೂರು ಸಲಾನೂ ಸೋತ್ನಾ?" ಅಂತ ಅಮ್ಮ ಕೇಳಿದ್ರು. ಹೂಂ ಅಮ್ಮ, ಅದರಲ್ಲಿ ಒಂದು 2016ರಲ್ಲೇ ಅಂದೆ.

"ಆರ್‌ಸಿಬಿಯವ್ನು" ಅಂದು ಲೋಟ ಎತ್ಕೊಂಡು ಒಳಗೆ ಹೋದ್ರು.